ನಗು ಬಿಟ್ಟ ನಿಜಗುಣಪ್ಪ

ಕಟಕೋಳದ ನಿಜಗುಣಪ್ಪನ ಕಿರಾಣಿ ಅಂಗಡಿಗೆ ಜನ ಬೆಲ್ಲಕ್ಕೆಂದು ಬಂದು ಹರಟೆಗೆಂದು ನಿಲ್ಲುತ್ತಿದ್ದರು. ಅವನು ನಕ್ಕರೆ ಎದುರು ಮನೆಯ ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಏಳುತ್ತಿತ್ತು. ಅಂಥವನು ತೊಂಬತ್ತೆಂಟನೇ ಇಸವಿಯಲ್ಲಿ ಪ್ರೋಸ್ಟೇಟ್ ಗ್ರಂಥಿಯ ಆಪರೇಷನ್ ಮಾಡಿಸಿಕೊಂಡು ಬಂದ ಮೇಲೆ ನಗುವುದನ್ನೇ ಬಿಟ್ಟ.

ಯಾರಾದರೂ ಚೇಷ್ಟೆಯ ಮಾತು ತೆಗೆದರೆ ತಕ್ಕಡಿಯ ಕಡೆ ಮುಖ ತಿರುಗಿಸುತ್ತಿದ್ದ. ವೈರಾಗ್ಯ ಬಂತೆಂದು ಕೆಲವರು ಕೈ ಮುಗಿಯತೊಡಗಿದರು. ವೈರಾಗ್ಯವಂತೆ, ಮಣ್ಣಾಂಗಟ್ಟಿ! ನಕ್ಕರೆ, ಕೆಮ್ಮಿದರೆ, ಸಕ್ಕರೆ ಚೀಲ ಎತ್ತಿದರೆ ಧೋತರ ಒದ್ದೆಯಾಗುತ್ತಿತ್ತು, ಅಷ್ಟೇ. ಅದನ್ನು ಹೆಂಡತಿಗೂ ಹೇಳದೆ, ನಸುಕಿನಲ್ಲೇ ಎದ್ದು ತಾನೇ ಒಗೆದು ಹಾಕುತ್ತಿದ್ದ. ಹೆಂಡತಿ ಸುಂದರವ್ವನಿಗೆ ಗಂಡ ತನ್ನ ಮೇಲೆ ಸಿಟ್ಟಾಗಿದ್ದಾನೆಂದೇ ಅನಿಸಿತು. ಮದುವೆಯಾದಾಗಿನಿಂದ ಅವಳ ಮಾತಿಗೆಲ್ಲ ನಕ್ಕವನು ಈಗ ಗೋಡೆ ನೋಡುತ್ತಾನೆ. ಒಲೆಯ ಮುಂದೆ ಕೂತು ಅವಳು ಅತ್ತದ್ದೂ ಉಂಟು.

ಕೊನೆಗೆ ಧೈರ್ಯ ಮಾಡಿ ಅವನೊಬ್ಬನೇ ರಾಮದುರ್ಗಕ್ಕೆ ಹೋದ. ಅಲ್ಲಿ ಹೊಸದಾಗಿ ದವಾಖಾನೆ ತೆರೆದ ಡಾಕ್ಟರು ಮೈಸೂರು ಕಡೆಯವರು. ಹೊರಗೆ ಜನ ಕೂತಿದ್ದರಿಂದ ನಿಜಗುಣಪ್ಪ ಪಿಸುಗುಟ್ಟಿದ: "ಕಾಲ್ಮಡಿ ತ್ರಾಸ ಆಗೇತ್ರಿ ಸಾಹೇಬ್ರ. ತಡಕೊಳ್ಳಾಕ ಆಗವಲ್ದು."

ಕಾಲ್ಮಡಿ ಎಂದರೆ ಮೂತ್ರಕ್ಕೆ ಕೂಡುವುದೆಂದು ನಮ್ಮ ಕಡೆ ಸಣ್ಣವರಿಗೂ ಗೊತ್ತು. ಡಾಕ್ಟರಿಗೆ ಗೊತ್ತಿರಲಿಲ್ಲ. ಕಾಲು ಮಡಿಸಿದರೆ ತಡೆಯಲಾರದ ನೋವೆಂದು ತಿಳಿದು, "ವಯಸ್ಸಾಯ್ತಲ್ಲ, ನೆಲದ ಮೇಲೆ ಕೂರಬೇಡಿ" ಎಂದು ಮುಲಾಮು ಬರೆದುಕೊಟ್ಟರು.

"ಯಾತರದ್ದರೀ ಇದು?" ಸುಂದರವ್ವ ಟ್ಯೂಬು ಹಿಡಿದು ಕೇಳಿದಳು.

"ಮೊಳಕಾಲಿಗೆ ಹಚ್ಚೂದು."

"ನಿಮ್ಮ ಮೊಳಕಾಲಿಗೇನ ಧಾಡಿ ಆಗೇತಿ?"

ಇನ್ನು ಮುಚ್ಚಿಡಲು ಜಾಗವಿರಲಿಲ್ಲ. ಎಲ್ಲ ಹೇಳಿ ತಲೆ ತಗ್ಗಿಸಿದ. ಸುಂದರವ್ವ ಮರುದಿನವೇ ಅವನನ್ನು ಬಸ್ಸು ಹತ್ತಿಸಿಕೊಂಡು ಹೋಗಿ, ಡಾಕ್ಟರ ಮುಂದೆ ನಿಂತು ಹೇಳಿದಳು: "ಇವರಿಗೆ ನಕ್ಕರ ಉಚ್ಚಿ ಹೋಗತೈತ್ರಿ. ಮೊಳಕಾಲ ಗಟ್ಟ್ಯಾಗೇ ಅದಾವು."

ಡಾಕ್ಟರು ನಾಚಿ ನಕ್ಕರು. ಈ ಆಪರೇಷನ್ ಆದವರಲ್ಲಿ ಹೀಗಾಗುವುದುಂಟು, ಬಿಗಿ ಹಿಡಿಯುವ ಸ್ನಾಯು ಸಡಿಲಾಗಿರುತ್ತದೆ, ಹೆಚ್ಚಿನವರಿಗೆ ಬರಬರುತ್ತ ಸರಿಹೋಗುತ್ತದೆ ಎಂದರು. ಚಹಾ ಕಡಿಮೆ ಮಾಡಬೇಕು, ಆದರೆ ನೀರು ಕುಡಿಯುವುದನ್ನು ಬಿಡಬಾರದು. ಸದ್ಯಕ್ಕೆ ಒಳಗೊಂದು ಬಟ್ಟೆಯ ಮಡಿಕೆ ಇಟ್ಟುಕೊಂಡರಾಯಿತು.

"ಪ್ರವಚನದಲ್ಲಿ ಕೂತಾಗ ಹೂಸು ಬಂದರೆ ಹೇಗೆ ತಡೀತೀರಿ? ಹಾಗೇ ಸ್ವಲ್ಪ ಹೊತ್ತು ಬಿಗಿ ಹಿಡಿದು, ಆಮೇಲೆ ಸಡಿಲ ಬಿಡಿ. ದಿನಾ ಮಾಡಿ. ನಗೋ ಮುಂಚೆ, ಕೆಮ್ಮೋ ಮುಂಚೆ ಒಂದ್ಸಲ ಹಿಡ್ಕೊಳ್ಳಿ."

ಬರುವಾಗ ಬಸ್ಸಿನಲ್ಲಿ ನಿಜಗುಣಪ್ಪ ಕಿಟಕಿಯ ಕಡೆ ಮುಖ ಮಾಡಿ, ಬಲು ಗಂಭೀರವಾಗಿ ಅಭ್ಯಾಸ ಶುರುಮಾಡಿದ. ಸುಂದರವ್ವ ಅವನ ಕಿವಿಯ ಬಳಿ ಬಾಗಿ ಕೇಳಿದಳು: "ಪ್ರವಚನ ಎಲ್ಲಿತನಾ ಬಂತ್ರಿ?"

"ಸುಮ್ನಿರ, ನಗಸಬ್ಯಾಡ. ಧೋತರಾ..."

"ಧೋತರಾ ಒಗದರ ಒಣಗತೈತಿ. ನೀವು ನಗಲಿಲ್ಲಂದ್ರ ನಾ ಯಾರ ಮುಂದ ಮಾತಾಡ್ಲಿ?"

ನಿಜಗುಣಪ್ಪ ತಿರುಗಿ ಅವಳ ಮುಖ ನೋಡಿದ; ಕಣ್ಣು ತುಂಬಿದ್ದರೂ ತುಟಿಯಂಚಿನಲ್ಲಿ ಚೇಷ್ಟೆ ಹಾಗೇ ಇತ್ತು. ಹಿಡಿದ ಬಿಗಿ ತಪ್ಪಿ, ಇಡೀ ಬಸ್ಸು ಹೊರಳಿ ನೋಡುವಂತೆ ನಕ್ಕುಬಿಟ್ಟ. ಧೋತರ ಒದ್ದೆಯಾಯಿತು. ಅವನು ನಗುವುದನ್ನು ನಿಲ್ಲಿಸಲಿಲ್ಲ.