ಓಟ ಬಿಟ್ಟ ನಾಯಿ, ನನ್ನ ಹೊಟ್ಟೆಕಿಚ್ಚು

ನಮ್ಮ ಮನೆ ನೋಡಲು ಬಂದಿದ್ದ ಹೆಂಗಸು ಚಹಾ ಕುಡಿದು ಲೋಟ ಕೆಳಗಿಟ್ಟು ಕೇಳಿದರು: "ನಾಯಿ ಸೋಫಾದ ಮೇಲೆ ಮಲಗಿದರೆ ನಿಮಗೆ ಬೇಸರ ಇಲ್ಲ ತಾನೆ?"

ನಾನು ತಬ್ಬಿಬ್ಬಾದೆ. ನಮ್ಮ ಕಡೆ ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ. ಅವರು ಹಿತ್ತಲಿನ ಗೋಡೆ ಎಷ್ಟು ಎತ್ತರ ಎಂದು ನೋಡಿದರು, ಮಹಡಿ ಮೆಟ್ಟಿಲು ನೋಡಿದರು, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿದರು. ನನ್ನ ಹೆಂಡತಿ ಸುಜಾತ ನನ್ನತ್ತ ಕೈ ತೋರಿಸಿದಳು.

ಇದು ಐರ್ಲೆಂಡಿನ ಒಂದು ಸಣ್ಣ ಊರು. ಸುಜಾತ ಇಲ್ಲಿ ನರ್ಸ್, ನಾನು ಅವಳ ಹಿಂದೆ ಬಂದವನು. ಜಗಳೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಮದುವೆ ಮನೆಗೆ ಕಾಲಿಟ್ಟರೆ "ಫೋಟೋದೋರು ಬಂದ್ರು, ಎಲೆ ಹಾಕ್ರಿ" ಅನ್ನುತ್ತಿದ್ದರು. ಇಲ್ಲಿ ವಾರಕ್ಕೆರಡು ದಿನ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತೇನೆ, ಉಳಿದ ದಿನ ಕಿಟಕಿಯಾಚೆ ನೋಡುತ್ತ ಕೂರುತ್ತೇನೆ. ಬಾಡಿಗೆ ಮನೆಗಾಗಿ ಅಲೆದಾಗ ಎಷ್ಟೋ ಮಾಲೀಕರು ನಮಗೆ ಉತ್ತರವನ್ನೇ ಕೊಡಲಿಲ್ಲ. ಈಗ ನಾಯಿಗೆ ನಮ್ಮ ಮನೆ ಸರಿಹೋಗುತ್ತದೋ ಇಲ್ಲವೋ ಎಂದು ನೋಡಲು ಒಬ್ಬರು ಕಾರು ಓಡಿಸಿಕೊಂಡು ಬಂದಿದ್ದರು.

ಅದು ಗ್ರೇಹೌಂಡ್ ಜಾತಿಯ ನಾಯಿ. ಮುಧೋಳದ ನಾಯಿಯನ್ನು ನೆನೆಸಿಕೊಳ್ಳಿ: ಅದೇ ಸಣ್ಣ ನಡು, ಅದೇ ಉದ್ದ ಕಾಲು. ಇಲ್ಲಿ ಇವುಗಳನ್ನು ಪಂದ್ಯದಲ್ಲಿ ಓಡಿಸುತ್ತಾರೆ. ವೇಗ ಕಡಿಮೆಯಾದಾಗ ಓಟ ಬಿಡಿಸುತ್ತಾರೆ. ಹಾಗೆ ಬಿಟ್ಟವನ್ನು ಮನೆಗಳಿಗೆ ಸಾಕಲು ಕೊಡುವವರಿದ್ದಾರೆ, ಮನೆ ನೋಡಲು ಬಂದಿದ್ದ ಹೆಂಗಸು ಆ ಕಡೆಯವರು. ಜೊತೆಯ ನರ್ಸೊಬ್ಬಳ ಮನೆಯಲ್ಲಿ ಅಂಥದ್ದೊಂದನ್ನು ನೋಡಿ ಬಂದಾಗಿನಿಂದ ಸುಜಾತ ಹಟ ಹಿಡಿದಿದ್ದಳು.

ನಮ್ಮ ಮನೆ ಒಪ್ಪಿಗೆಯಾಯಿತು, ಮೋಲಿ ಎಂಬ ನಾಯಿ ಬಂದಳು. ಗೂಡಿನಲ್ಲೇ ಬೆಳೆದ ಅವಳಿಗೆ ಮನೆ ಅಂದರೇನೆಂದೇ ಗೊತ್ತಿರಲಿಲ್ಲ. ಗಾಜಿನ ಬಾಗಿಲಿಗೆ ಮೂತಿ ಬಡಿದುಕೊಂಡಳು, ಮೆಟ್ಟಿಲ ಬುಡದಲ್ಲಿ ನಿಂತು ನಡುಗಿದಳು. ನಮ್ಮೂರು ಬಿಳಿಚೋಡಿನ ಮನೆಯಲ್ಲಿ ನಾಯಿ ಉಳಿದ ಮುದ್ದೆ ತಿಂದು ಕುರಿಹಟ್ಟಿಯ ಬಾಗಿಲಲ್ಲಿ ಮಲಗುತ್ತದೆ. ಇವಳಿಗೆ ಮೆತ್ತನೆ ಹಾಸಿಗೆ, ಚಳಿಗೊಂದು ಕೋಟು. ಬೀದಿಗೆ ಹೊರಟರೆ ಮಾತ್ರ ಬಾಯಿಗೆ ಕುಕ್ಕೆ. ನಾವು ಬೆಳೆಯ ಸಾಲಿನಲ್ಲಿ ಎಡೆ ಹೊಡೆಯುವಾಗ ಪೈರಿಗೆ ಬಾಯಿ ಹಾಕದಂತೆ ಎತ್ತಿಗೆ ಹಾಕುತ್ತೇವಲ್ಲ, ಹಾಗೆಯೇ.

ನನ್ನ ಹೊಟ್ಟೆ ಉರಿದದ್ದು ಆ ಬೀದಿಯಲ್ಲಿ. ನಾವು ಬಂದು ವರ್ಷ ಕಳೆದಿದ್ದರೂ ಯಾರೂ ನನ್ನ ಹೆಸರು ಕೇಳಿರಲಿಲ್ಲ. ಮೋಲಿಯ ಹೆಸರು ವಾರದೊಳಗೆ ಎಲ್ಲರ ಬಾಯಲ್ಲಿತ್ತು. ಅವಳ ಕತ್ತು ಸವರುತ್ತ "ಗ್ರ್ಯಾಂಡ್" ಅನ್ನುತ್ತಿದ್ದರು. ಇಲ್ಲಿ ಆ ಮಾತಿಗೆ ಭರ್ಜರಿ ಎಂಬ ಅರ್ಥವಿಲ್ಲ, ನಮ್ಮ 'ಅಡ್ಡಿಯಿಲ್ಲ' ಇದ್ದ ಹಾಗೆ. ಆ ಅಡ್ಡಿಯಿಲ್ಲವೂ ನನ್ನ ಪಾಲಿಗೆ ಬಂದಿರಲಿಲ್ಲ.

ಮನೆಯಲ್ಲೂ ಅದೇ ಕಥೆ. ಸುಜಾತ ಡ್ಯೂಟಿ ಮುಗಿಸಿ ಬಂದವಳೇ "ಮೋಲಿ ಉಂಡ್ಳೇನ್ರೀ?" ಅನ್ನುವಳು.

"ನಾನೂ ಉಂಡಿಲ್ಲ," ಅಂದೆ ಒಂದು ದಿನ.

"ನಿಮಗೆ ಕೈ ಐತಲ್ರೀ, ಹಾಕ್ಕೊಂಡು ಉಣ್ರಿ."

ಅಷ್ಟರಲ್ಲಿ ಸುಜಾತಳ ತಂದೆಗೆ ಮಂಡಿ ಆಪರೇಷನ್ ಎಂದು ಸಂತೇಬೆನ್ನೂರಿನಿಂದ ಫೋನು ಬಂತು. ಅವಳು ಒಬ್ಬಳೇ ಹೊರಟಳು. ಮೋಲಿ ಬಾಗಿಲಿಗೆ ಮುಖ ಮಾಡಿ ಕೂತಳು. ಬಟ್ಟಲು ಮೂಸಲೂ ಇಲ್ಲ. ಮೊದಲು ನನಗೆ ಸಿಟ್ಟು ಬಂತು, ಆಮೇಲೆ ಹೆದರಿಕೆ. ಮೊದಲೇ ಪಕ್ಕೆಲುಬು ಕಾಣುವ ಪ್ರಾಣಿ. ಕೋಳಿ ಬೇಯಿಸಿ ಅನ್ನಕ್ಕೆ ಕಲಸಿ ಪಕ್ಕದಲ್ಲಿ ಕೂತೆ. "ಉಣ್ಣವ್ವ, ಅವಳು ಬರಾಕೆ ಇನ್ನೂ ದಿನ ಐತೆ. ನನಗೂ ಬ್ಯಾಸರಾನೇ," ಅಂದೆ. ಯಾರೊಂದಿಗೂ ಆಡದ ಮಾತು. ಅವಳು ನನ್ನ ಕೈಯಿಂದ ಒಂದು ತುತ್ತು ತಿಂದಳು.

ಅಂದಿನಿಂದ ನಮಗೆ ಕೆಲಸ ಸಿಕ್ಕಿತು. ಒಂದೊಂದೇ ಕಾಲು ಎತ್ತಿಟ್ಟು ಮೆಟ್ಟಿಲು ಹತ್ತಿಸಿದೆ. ಮೇಲೆ ತಲುಪಿದ ದಿನ ಅವಳು ತನ್ನ ಭಾರವನ್ನೆಲ್ಲ ನನ್ನ ತೊಡೆಗೆ ಒರಗಿಸಿ ನಿಂತಳು. ಗ್ರೇಹೌಂಡುಗಳು ನಂಬಿದವರಿಗೆ ಹಾಗೆ ಒರಗುತ್ತವಂತೆ. ಅಲ್ಲಿಯವರೆಗೆ ಸುಜಾತಳಿಗೆ ಮಾತ್ರ ಒರಗುತ್ತಿದ್ದಳು. ಪಕ್ಕದ ಮನೆಯ ಮುದುಕ ಒಮ್ಮೆ ಗೇಟಿನ ಬಳಿ ನಿಲ್ಲಿಸಿ, "ಇವಳ ಹೆಸರು ಗೊತ್ತು, ನಿಮ್ಮದು?" ಎಂದ. "ತಿಪ್ಪೇಶ" ಅಂದೆ. ಅವನ ನಾಲಿಗೆಗೆ ಅದು ಹತ್ತಲಿಲ್ಲ. ಆದರೂ ಮರುದಿನ ಹೆಸರು ಹಿಡಿದು ಕೂಗಿ ಕರೆದ.

ಸುಜಾತ ಚಟ್ನಿಪುಡಿ, ಅವಲಕ್ಕಿ ಹೊತ್ತು ವಾಪಸು ಬಂದಳು. ಮೋಲಿ ಅವಳ ಕೈ ಮೂಸಿದಳು, ಬಾಲ ಆಡಿಸಿದಳು. ಮತ್ತೆ ಬಂದು ನನಗೆ ಒರಗಿ ನಿಂತಳು.

"ಏನ್ ಮಾಡಿದ್ರಿ ಇದಕ್ಕೆ?" ಸುಜಾತ ನಕ್ಕಳು. ಆ ನಗು ಪೂರ್ತಿ ಅರಳಲಿಲ್ಲ. ನನಗೆ ಗೆದ್ದಷ್ಟು ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮೋಲಿ ಈಗ ನಾನು ಬಟ್ಟಲು ಇಟ್ಟರಷ್ಟೇ ಉಣ್ಣುತ್ತಿದ್ದಳು.

ಕಳೆದ ತಿಂಗಳು ಬಿಳಿಚೋಡಿನಿಂದ ಅಣ್ಣ ವಿಡಿಯೋ ಕಾಲ್ ಮಾಡಿದ. ಮಗಳ ಮದುವೆ, ಚನ್ನಗಿರಿಯ ಚೌಟ್ರಿಯಲ್ಲಿ.

"ಇಬ್ರೂ ಬರ್ಬೇಕು," ಅಂದ.

"ಒಬ್ರು ಬರ್ತೀವಣ್ಣ. ಮೋಲಿ ಬ್ಯಾರೆಯೋರ ಹತ್ರ ಉಣ್ಣಲ್ಲ."

"ಒಬ್ರು ಅಂದ್ರೆ ಯಾರು?"

ನಾನು ಮೋಲಿಯ ಕತ್ತು ಸವರಿದೆ. ಅಣ್ಣ "ಅದರ ಮಕ ತೋರ್ಸು" ಅಂದ. ಫೋನು ತಿರುಗಿಸಿದೆ. ದಿಟ್ಟಿಸಿ ನೋಡಿದ.

"ಬಡಕಲಾಗೈತಲ್ಲೋ. ಹೊಟ್ಟೆಗೆ ಹಾಕ್ತೀರೋ ಇಲ್ಲೋ?"

"ಅದರ ಜಾತಿನೇ ಹಂಗೆ."

"ನಾವು ಕರೆದ್ರೆ ನಿನಗೆ ಬರಾಕೆ ಆಗಲ್ಲ. ಇದು ಕರೀದಿದ್ರೂ ಅಲ್ಲೇ ಇರ್ತೀಯ."

ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು; ಸುಜಾತಳಿಗೆ 'ನಾನೂ ಉಂಡಿಲ್ಲ' ಅಂದಾಗ ನನ್ನದೂ ಅದೇ ದನಿ. "ನಾನೇ ಬರ್ತೀನಣ್ಣ, ಚಿಕ್ಕಪ್ಪ ಇಲ್ದೆ ಹೆಂಗೆ," ಅಂದುಬಿಟ್ಟೆ.

ಟಿಕೆಟ್ ತೆಗೆದಾಗಿದೆ. ಮೋಲಿ ಮತ್ತೆ ಸುಜಾತಳ ಕೈಯಲ್ಲಿ ಉಣ್ಣುವುದು ರೂಢಿಯಾಗಲಿ ಎಂದು ಊಟದ ಹೊತ್ತಿಗೆ ಬಟ್ಟಲು ಅವಳಿಗೆ ಕೊಟ್ಟು ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ. ಮೊದಮೊದಲು ಮೋಲಿ ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದಳು. ನಿನ್ನೆ ಒಳಗಿನಿಂದ ಸುಜಾತಳ ದನಿ ಕೇಳಿತು: "ಪೂರ್ತಿ ಉಂಡ್ಳು ರೀ. ಇನ್ನು ನೀವು ಆರಾಮಾಗಿ ಊರಿಗೆ ಹೋಗಿ ಬರ್ರಿ."

ಕೇಳಿ ಹಗುರಾಗಬೇಕಿತ್ತು. ಒಳಗೆ ಹೋಗಲು ಮನಸ್ಸು ಬಾರದೆ, ಹಗ್ಗದ ಮೇಲಿನ ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡುತ್ತ ಅಲ್ಲೇ ನಿಂತೆ.