ಬಿಸಿನೀರಕ್ಕನ ಮೊಣಕೈ

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇದೆ. ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ಅದು ತನ್ನ ಪಾಡಿಗೆ ತಾನು ಮಲಗಿದೆ. ಎಲ್ಲರ ಬಾಯಲ್ಲೂ ಆಕೆ ಬಿಸಿನೀರಕ್ಕ. ಹಾಸಿಗೆ ಹಿಡಿದವರ ಮೈ ಒರೆಸುವುದು, ಹಲ್ಲುಜ್ಜಿಸುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು, ಇಷ್ಟನ್ನು ಆಸ್ಪತ್ರೆ ಕೆಲಸಕ್ಕೆ ಸೇರುವವರಿಗೆ ಇಪ್ಪತ್ತೆರಡು ವರ್ಷಗಳಿಂದ ಕೈಹಿಡಿದು ಕಲಿಸುತ್ತಿರುವವಳು. ಇದೇನು ಮಹಾ ವಿದ್ಯೆ ಎಂದು ಮೂಗು ಮುರಿಯುವವರನ್ನು ಮೊದಲ ದಿನವೇ ಮಂಚದ ಮೇಲೆ ಮಲಗಿಸಿಬಿಡುತ್ತಾಳೆ. ಕೈಯೆರಡನ್ನೂ ಬ್ಯಾಂಡೇಜಿನಲ್ಲಿ ಸುತ್ತಿ, ಗುರುತು ಪರಿಚಯವಿಲ್ಲದವರಿಂದ ನಾಲ್ಕು ಚಮಚ ಸೂಪು ಕುಡಿಸಿದರೆ ಮುರಿದ ಮೂಗು ತಾನಾಗಿ ನೆಟ್ಟಗಾಗುತ್ತದೆ. ಎಲ್ಲರನ್ನೂ ಮಲಗಿಸಿದ ಈ ಮಹಾತಾಯಿ ತಾನು ಮಾತ್ರ ಒಮ್ಮೆಯೂ ಮಲಗಿದವಳಲ್ಲ. ಕೇಳಿದರೆ, "ನಂಗೆಲ್ಲಿ ಪುರಸೊತ್ತು?" ಎನ್ನುತ್ತಾಳೆ.

ಪಾಠ ನಡೆಯುವುದು ಆಸ್ಪತ್ರೆಯ ಎರಡನೇ ಮಹಡಿಯ ಉದ್ದನೆಯ ಕೋಣೆಯಲ್ಲಿ. ಆರು ಕಬ್ಬಿಣದ ಮಂಚ, ಬಿಳಿ ಪರದೆ, ಅಭ್ಯಾಸಕ್ಕೆಂದು ಇಟ್ಟ, ಕತ್ತಿನ ತಿರುಪು ಸಡಿಲವಾದ ಒಂದು ರಬ್ಬರ್ ಗೊಂಬೆ. ಮಧ್ಯಾಹ್ನದ ಬಿಸಿಲು ಪರದೆಯಲ್ಲಿ ಸೋಸಿ ಬರುವ ಹೊತ್ತಿಗೆ ಬೋಗುಣಿಗಳಿಂದ ಹಬೆ ಏಳುತ್ತದೆ, ಕಿಟಕಿಯ ಗಾಜು ಮಂಜಾಗುತ್ತದೆ, ಹೊರಗಿನ ರಸ್ತೆ ಎಲ್ಲೋ ದೂರ ಸರಿದುಹೋಗುತ್ತದೆ. ಆ ಮಂಪರಿನಲ್ಲಿ ಬಿಸಿನೀರಕ್ಕನ ದನಿ ಮೆಲ್ಲಗೆ ತೇಲುತ್ತದೆ. ಮೊದಲು ಕಣ್ಣು, ಸೋಪಿಲ್ಲದೆ, ಮೂಗಿನ ಕಡೆಯಿಂದ ಹೊರಕ್ಕೆ. ಒಂದೊಂದು ಕಣ್ಣಿಗೆ ಬಟ್ಟೆಯ ಒಂದೊಂದು ಮೂಲೆ. ಒರೆಸಿದ ಕಡೆ ಕೂಡಲೇ ಹೊದಿಸಬೇಕು. ಎಲ್ಲಕ್ಕಿಂತ ಮೊದಲು ನೀರಿಗೆ ಮೊಣಕೈ ಅದ್ದಿ ನೋಡಬೇಕು, ಬೆರಳನ್ನು ನಂಬಬಾರದು.

"ಹೇಳ್ಬೇಕು, ಕಾಯ್ಬೇಕು, ಆಮೇಲೆ ಮುಟ್ಟಬೇಕು. ಅವ್ರು ಹೂಂ ಅನ್ನೋವರೆಗೂ ನಿಮ್ಮ ಕೈ ನಿಮ್ಮ ಹತ್ರಾನೇ ಇರ್ಲಿ."

ಇದು ಅವಳ ಮೈಗೆ ಎಷ್ಟು ಹತ್ತಿಬಿಟ್ಟಿದೆಯೆಂದರೆ ಮನೆಯಲ್ಲಿ ತಲೆದಿಂಬನ್ನು ಮಗುಚುವ ಮುಂಚೆಯೂ "ಈಗ ತಿರುಗಿಸ್ತೀನಮ್ಮ" ಎಂದು ಒಂದು ಗಳಿಗೆ ನಿಲ್ಲುತ್ತಾಳೆ. ಬಸ್ಸು ಓಡಿಸಿ ನಿವೃತ್ತನಾದ ಗಂಡ ಪೇಪರಿನ ಮರೆಯಿಂದ, "ಏನಂತೆ, ದಿಂಬು ಒಪ್ತಾ?" ಎಂದು ಕಾಲೆಳೆಯುತ್ತಾನೆ.

ಆ ಗಂಡನಿಗೂ ಹೇಳದ ಸಂಗತಿಯೊಂದು ಹೋದ ವರ್ಷದಿಂದ ಅವಳ ಹೊಟ್ಟೆಯಲ್ಲಿತ್ತು. ಒಂದು ದಿನ ಬಲ ಮೊಣಕೈ ಅದ್ದಿದಾಗ ನೀರು ಒದ್ದೆಯಾಗಿತ್ತು, ಅಷ್ಟೆ. ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ಕನಸಿನಲ್ಲಿ ಹೊಳೆಗಿಳಿದರೆ ಹೀಗೇ ಅಲ್ಲವೇ, ನೀರಿರುತ್ತದೆ, ಅದರ ಬಿಸಿ ಮಾತ್ರ ಇರುವುದಿಲ್ಲ. ಅವಳು ಸದ್ದಿಲ್ಲದೆ ಎಡ ಮೊಣಕೈಗೆ ಬದಲಾಯಿಸಿಕೊಂಡಳು. ಆರು ತಿಂಗಳಿಗೆ ಅದೂ ಕೈಕೊಟ್ಟಿತು, ಬೆರಳುಗಳೂ. ಕತ್ತಿನ ನರ ಒತ್ತಿಕೊಂಡಿದೆ, ಹೋದ ಸ್ಪರ್ಶ ಪೂರ್ತಿ ವಾಪಸು ಬರುತ್ತದೆಂದು ಹೇಳಲಾರೆ ಎಂದರು ಡಾಕ್ಟರು.

ಅಂದಿನಿಂದ ಅವಳದು ಲೆಕ್ಕದ ನೀರು. ಮೂರು ಚೊಂಬು ಬಿಸಿ, ಎರಡು ಚೊಂಬು ತಣ್ಣೀರು. ಮೊಣಕೈ ಅದ್ದುವುದು ಬರೀ ತೋರಿಕೆಗೆ. ಗೊತ್ತಾದರೆ ಕೆಲಸ ಬಿಡಿಸಿ ಕಳಿಸುತ್ತಾರೆ. ಈ ಕೋಣೆ, ಈ ಹಬೆ, "ಅಕ್ಕಾ" ಎಂಬ ಈ ಕೂಗು ಇಲ್ಲದಿದ್ದರೆ ತಾನು ಯಾರು? ಅವಳಿಗೆ ಭಯವಾಗಿತ್ತು, ಒಬ್ಬಳೇ ಭಯಪಟ್ಟಿದ್ದಳು. ಕಲಿಸುತ್ತ ಕಲಿಸುತ್ತಲೇ ತಾನು ನೀರಿನಡಿಯಲ್ಲಿ ನಡೆಯುತ್ತಿದ್ದೇನೆ ಅನಿಸುವುದೂ ಇತ್ತು.

ಒಂದು ಭಾನುವಾರ ಯಾರೋ ಬಂದು ಬಾಯ್ಲರ್ ಬದಲಿಸಿಹೋದರು. ಸೋಮವಾರದ ಪಾಠ, ಲಕ್ವ ಹೊಡೆದು ಮಾತು ನಿಂತವರ ಆರೈಕೆ. ರೋಗಿಯಾಗಿ ಮಲಗಿದ್ದು ಟೇಲರಮ್ಮ, ಹದಿನೆಂಟು ವರ್ಷ ಹೊಲಿಗೆ ಮಿಷನ್ನು ತುಳಿದು ಈಗ ಈ ಕೆಲಸ ಕಲಿಯಲು ಬಂದ ಸೌಮ್ಯ ಹೆಂಗಸು. ಮಲಗಿದವರು ಉಸಿರೆತ್ತಬಾರದು, ಮಿಸುಕಬಾರದು ಎಂಬುದು ಅಕ್ಕನ ಕಟ್ಟಪ್ಪಣೆ.

ಅಕ್ಕ ಮೂರಕ್ಕೆರಡು ಬೆರೆಸಿದಳು, ಮೊಣಕೈ ಅದ್ದಿ ತಲೆಯಾಡಿಸಿದಳು. "ಕೈ ತೊಳೀಲಾ ಅಮ್ಮಾ?" ಎಂದು ಕೇಳಿ ಕಾದಳು. ಟೇಲರಮ್ಮ ಹೂಂ ಎಂಬಂತೆ ಕಣ್ಣು ಮಿಟುಕಿಸಿದಳು. ಅಕ್ಕ ಅವಳ ಅಂಗೈಯನ್ನು ಬೋಗುಣಿಗೆ ಇಳಿಸಿದಳು.

ಟೇಲರಮ್ಮನ ಕಣ್ಣಂಚಿನಿಂದ ನೀರಿಳಿಯಿತು. ಸುತ್ತ ನಿಂತ ಉಳಿದ ಕಲಿಯುವವರ ಎದುರು ಅಕ್ಕನಿಗೆ ಹೆಮ್ಮೆಯೋ ಹೆಮ್ಮೆ. "ನೋಡ್ರೇ, ಮಲಗಿದ್ರೆ ಹೀಗೆ ಮಲಗ್ಬೇಕು! ನಿಜವಾಗ್ಲೂ ಮಾತು ಹೋದವ್ರ ಥರ!"

ಒರೆಸಲು ಕೈ ಎತ್ತಿದಾಗ ಮಣಿಕಟ್ಟಿನವರೆಗೂ ಚರ್ಮ ಕೆಂಪಗೆ ಕಂದಿತ್ತು. ಹೊಸ ಬಾಯ್ಲರಿನ ನೀರು ಹಳೆಯ ಮೂರಕ್ಕೆರಡರ ಲೆಕ್ಕಕ್ಕೆ ಬಗ್ಗಿರಲಿಲ್ಲ.

"ಅಯ್ಯೋ, ಬಾಯಿ ಬಿಡಬಾರ್ದೇನೇ!"

"ನೀವೇ ಮಾತಾಡ್ಬಾರ್ದು ಅಂದಿದ್ರಲ್ಲ ಅಕ್ಕ," ಎಂದಳು ಟೇಲರಮ್ಮ, ಅಳು ನುಂಗಿಕೊಂಡು. "ನೀವು ಮೊಣಕೈ ಇಟ್ಟು ನೋಡಿದ್ರಿ. ಹಂಗಾಗಿ ನೀರು ಸರಿಯಾಗೇ ಇರತ್ತೆ, ನನ್ ಚರ್ಮಾನೇ ಸೂಕ್ಷ್ಮ ಅಂದ್ಕೊಂಡೆ."

ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಆ ಕೈ ಹಿಡಿದು ನಿಂತಳು ಅಕ್ಕ. ಪುಣ್ಯಕ್ಕೆ ಬೊಬ್ಬೆ ಏಳಲಿಲ್ಲ. ಅದೇ ನೀರು ತನ್ನ ಕೈ ಮೇಲೂ ಹರಿಯುತ್ತಿತ್ತು, ಎಷ್ಟು ತಣ್ಣಗಿದೆಯೆಂದು ಅವಳಿಗೆ ತಿಳಿಯಲಿಲ್ಲ. ಅಲ್ಲೇ, ಎಲ್ಲರ ಎದುರಿಗೇ, ಒಂದು ವರ್ಷದ ಗುಟ್ಟನ್ನು ಹೇಳಿಬಿಟ್ಟಳು. ಸೊಂಟದಿಂದ ಕೋಣೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು.

"ಆಫೀಸಿಗೆ ಹೇಳಿ ಹೋಗ್ತೀನಿ. ನಾನಿನ್ನು ಕಲಿಸೋ ಹಾಗಿಲ್ಲ."

ಟೇಲರಮ್ಮ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮಂಚದ ಹೊದಿಕೆಯನ್ನು ಪಕ್ಕಕ್ಕೆ ಸರಿಸಿದಳು.

"ಇವತ್ತಿನ ಪಾಠ ಅರ್ಧಕ್ಕೇ ನಿಂತಿದೆ ಅಕ್ಕ. ಮಲ್ಕೊಳ್ಳಿ."

ಅಕ್ಕ ಚಪ್ಪಲಿ ಕಳಚಿ ಮಲಗಿದಳು. ಇಪ್ಪತ್ತೆರಡು ವರ್ಷ ದುಡಿದ ಕೋಣೆಯ ಸೂರನ್ನು ಅವತ್ತೇ ಮೊದಲು ನೋಡಿದ್ದು. ಅದು ಎಷ್ಟು ಎತ್ತರವಿತ್ತು! ಪರದೆ ಉಸಿರಾಡುತ್ತಿತ್ತು, ಬಿಸಿಲು ಹಬೆಯಲ್ಲಿ ಕರಗುತ್ತಿತ್ತು. ಟೇಲರಮ್ಮ ಹೊಸ ನೀರು ಬೆರೆಸಿ, ಎಡ ಮೊಣಕೈ ಅದ್ದಿ, ಇನ್ನೊಂದಿಷ್ಟು ತಣ್ಣೀರು ಸುರಿದು, ಮತ್ತೆ ಅದ್ದಿದಳು.

"ಅಕ್ಕಾ, ಮುಖ ಒರೆಸ್ಲಾ?"

ಕೇಳಿ, ಕಾದಳು.

ಆ ಕಾಯುವಿಕೆ ಮಲಗಿದವರಿಗೆ ಎಷ್ಟು ದೊಡ್ಡದೆಂದು ಬಿಸಿನೀರಕ್ಕನಿಗೆ ಆಗ ತಿಳಿಯಿತು. ಅಷ್ಟು ಹೊತ್ತು ಅವಳ ಮುಖ ಅವಳದೇ ಆಗಿತ್ತು. ಬೇಡವೆಂದರೆ ಬೇಡ. ಬಹಳ ತಡವಾಗಿ ಅವಳು "ಹೂಂ" ಎಂದಳು.

ಬಟ್ಟೆಯ ಒಂದು ಮೂಲೆ ಮೂಗಿನ ಪಕ್ಕದಿಂದ ಕಣ್ಣಿನ ಮೇಲೆ ಹಾದುಹೋಯಿತು. ಅದು ಬೆಚ್ಚಗಿತ್ತು. ಕೈಗಳು ಮರೆತದ್ದನ್ನು ಮುಖ ಮರೆತಿರಲಿಲ್ಲ. ಅವಳ ಕಣ್ಣಲ್ಲಿ ನೀರಾಡಿತು.

"ಬಿಸಿ ಸಾಕಾ ಅಕ್ಕ?"

"ಒಂಚೂರು ಕಮ್ಮಿ," ಎಂದಳು ಅಕ್ಕ. ಸುತ್ತ ನಿಂತವರು ಅಳುತ್ತಳುತ್ತಲೇ ನಕ್ಕುಬಿಟ್ಟರು. "ಕಾಲು ಚೊಂಬು ಬಿಸಿನೀರು ಹಾಕು. ಆದ್ರೆ ಮೊಣಕೈ ಇಟ್ಟು ನೋಡು. ನಾನು ಹೇಳ್ದೆ ಅಂತ ನಂಬಬೇಡ."

ಬೀಗದ ಕೈ ಮೇಜಿನ ಮೇಲೆಯೇ ಇತ್ತು. ಯಾರೂ ಅದನ್ನು ಮುಟ್ಟಲಿಲ್ಲ. ಟೇಲರಮ್ಮ ತೋಳು ಮಡಚಿ ನೀರಿಗೆ ಅದ್ದಿದಳು. ಬಿಸಿನೀರಕ್ಕ ಕಣ್ಣು ಮುಚ್ಚಿಕೊಂಡು ಕಾದಳು.