ಬಟ್ಟೆಯ ದೋಣಿಗೆ ಬಿದಿರಿನ ಗಳ

ದೀಪಾವಳಿಗೆ ಮುಂಚಿನ ಒಂದು ಭಾನುವಾರ ನಾನು ದೋಣಿಯಲ್ಲಿ ಕುಳಿತಿದ್ದೆ. ನೀರು ಮಾತ್ರ ಇರಲಿಲ್ಲ. ದೋಣಿ ಇದ್ದದ್ದು ಬೆಟಗೇರಿಯ ನಮ್ಮ ಮನೆಯ ಅಂಗಳದಲ್ಲಿ.

ನನ್ನ ಕೈಯಲ್ಲಿ ಗಾಳದ ಕೋಲು. ದಾರದ ತುದಿ ಹಿಡಿದು ನನ್ನ ಹೆಂಡತಿ ಗೌರವ್ವ ಅಂಗಳದ ತುಂಬ ಓಡುತ್ತಿದ್ದಳು. ಅಂದರೆ ಅವಳು ಮೀನು. ಓಣಿಯ ಜನ ಗೋಡೆಗೆ ಒರಗಿ ನೋಡುತ್ತಿದ್ದರು. (ಕನ್ನಡಿಗರ ರಾಜ್ಯ ಒಂದಾಗುವ ಸಂಭ್ರಮ ಇವನ ತಲೆಗೇರಿದೆ ಎಂದು ಯಾರೋ ಅಂದರಂತೆ.)

ದೋಣಿಯ ಕಥೆ ಸಣ್ಣದು. ಹತ್ತಿ ವ್ಯಾಪಾರದ ಸಾಹೇಬರೊಬ್ಬರು ಸ್ವಾತಂತ್ರ್ಯ ಬಂದ ವರ್ಷ ಗಂಟುಮೂಟೆ ಕಟ್ಟುವಾಗ ಬಿಟ್ಟುಹೋದದ್ದು. ಮರದ ಪಕ್ಕೆಲುಬು, ಮೇಲೆ ದಪ್ಪ ಕ್ಯಾನ್ವಾಸು, ಒಬ್ಬರೇ ಕಾಲು ಚಾಚಿ ಕೂರುವಷ್ಟು ಜಾಗ. ಎರಡೂ ತುದಿಗೆ ಹಲಗೆಯಿರುವ ಒಂದೇ ಹುಟ್ಟು. ಕಯಾಕ್ ಎನ್ನುತ್ತಾರಂತೆ. ಗೋದಾಮಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಅದನ್ನು ಈ ವರ್ಷ ಕೇಳಿ ತಂದೆ.

ಯಾಕೆ? ಹೇಳುತ್ತೇನೆ.

ಪ್ರೆಸ್ಸಿನ ಮಷೀನಿಗೆ ಸಿಕ್ಕಿ ನನ್ನ ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು ಮಾತ್ರ ಉಳಿದದ್ದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಗಾಯ ಮಾಯಿತು. ಮಾಯದೆ ಉಳಿದದ್ದು ಜನರ ಕನಿಕರ. ಕೊಡ ಎತ್ತಹೋದರೆ ಕಸಿದುಕೊಳ್ಳುತ್ತಾರೆ. ಕೊಡೆ ಬಿಚ್ಚಹೋದರೆ ತಾವೇ ಬಿಚ್ಚುತ್ತಾರೆ. ಬಿಡ್ರಿ, ನಾ ಮಾಡ್ತೀನಿ! ಈ ಮಾತನ್ನು ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಸಲ ಕೇಳಬಹುದು? ಒಬ್ಬನೇ ಕೂರುವ ದೋಣಿಯಲ್ಲಿ ಅದನ್ನು ಹೇಳುವವರಿಗೆ ಜಾಗವೇ ಇಲ್ಲ, ನೋಡಿ.

ಗೌರವ್ವನ ತವರು ಮುಂಡರಗಿ ಕಡೆಯ ಕೊರ್ಲಹಳ್ಳಿ, ತುಂಗಭದ್ರೆಯ ದಡ. ಅವಳ ತಮ್ಮ ಹನಮಂತ ಅಲ್ಲಿ ಹರಗೋಲಿನಲ್ಲಿ ಜನರನ್ನು ದಾಟಿಸುತ್ತಾನೆ. ಹಬ್ಬಕ್ಕೆ ಹೋದಾಗ ನಾನೇ ಹುಟ್ಟು ಹಾಕುತ್ತ, ದೋಣಿಯ ಹಿಂದೆ ಗಾಳ ಎಳೆದುಕೊಂಡು ಹೋಗಿ, ಒಂದು ಬಾಳೆಮೀನು ಹಿಡಿಯಬೇಕು. ಇದು ನನ್ನ ಹಟ.

ಆದರೆ ಯಾವ ಕೋಲಿನಿಂದ?

ಸಾಹೇಬರ ಕೋಲು, ದಾರ ಸುತ್ತುವ ರೀಲಿನ ಸಮೇತ, ದೋಣಿಯ ಜೊತೆಗೇ ಬಂದಿತ್ತು. ವಾರ್ನಿಷಿನಿಂದ ಹೊಳೆಯುವ, ಬಲು ಉದ್ದದ, ನಾಜೂಕಿನದು. ದಡದಲ್ಲಿ ನಿಂತು ಬೀಸುವುದಕ್ಕೆ ಚೆಂದ. ಗೌರವ್ವ ಜಗ್ಗಿದ ಕೂಡಲೇ ಅರ್ಧ ಕೋಲೇ ಬಾಗಿ ದೋಣಿಯ ಅಡಿಗೆ ನುಗ್ಗಿತು. ಹನಮಂತ ಕಳಿಸಿದ್ದು ಲಾಠಿಯಂಥ ಬಿದಿರು. ಬಾಗುವ ಮಾತೇ ಇಲ್ಲ, ದಾರವೇ ಹರಿಯಿತು. ನೆರೆಯವರು ತಂದುಕೊಟ್ಟದ್ದರ ಹಿಡಿಕೆ ಗಿಡ್ಡ. ಐದು ಬೆರಳಿನವರಿಗೆ ಸರಿ.

ದೋಣಿಯಲ್ಲಿ ಕುಳಿತೇ ಯೋಚಿಸಿದೆ. ಇವೆಲ್ಲ ಬೇರೆಯವರ ಕೈಗೆ ಹೊಂದಿದ ಕೋಲುಗಳು. ನಾನು ಹುಟ್ಟು ಹಾಕುವಾಗ ಕೋಲು ತೊಡೆಯ ಕೆಳಗೆ ತಾನೇ ನಿಲ್ಲಬೇಕು. ಮೀನು ಕಚ್ಚಿದ ಮೇಲೆ ಬಲಗೈ ರೀಲು ಸುತ್ತುವಾಗ, ಎಡ ಕಂಕುಳು ಅದನ್ನು ಅವುಚಿಕೊಳ್ಳಬೇಕು. ಹಾಗಾದರೆ ಹಿಡಿಕೆ ಉದ್ದವಿರಬೇಕು, ನಡು ಗಟ್ಟಿ, ತುದಿ ಮಾತ್ರ ಬಳುಕಬೇಕು. ಆದರೂ ದೋಣಿಯ ಅಡಿಗೆ ನುಗ್ಗದಂತೆ ಒಟ್ಟು ಕೋಲು ಗಿಡ್ಡವಿರಬೇಕು.

ಬಿದಿರು ಮಾರುವವರ ಬಳಿ ಒಂದು ಸಂಜೆಯೆಲ್ಲ ಗಳಗಳನ್ನು ಬಗ್ಗಿಸಿ ನೋಡಿ ಒಂದು ಕಿರುಬಿದಿರು ಆರಿಸಿದೆ. ಸಾಹೇಬರ ರೀಲನ್ನು ಅದಕ್ಕೆ ನಾನೇ ಬಿಗಿದು ಕಟ್ಟಿದೆ. (ಹಲ್ಲಿನ ನೆರವು ಪಡೆದದ್ದು ನಿಜ.) ಗೌರವ್ವ ಮತ್ತೆ ಮೀನಾದಳು. ಈ ಸಲ ಮೀನು ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕುಳಿತುಬಿಟ್ಟಿತು.

ಹಬ್ಬದ ಮರುದಿನ ಬೆಳಗ್ಗೆ ಕೊರ್ಲಹಳ್ಳಿಯಲ್ಲಿ ದೋಣಿಯನ್ನು ಹೊಳೆಗೆ ಇಳಿಸಿದೆ. ಒಂದು ಕಾಲಕ್ಕೆ ಈ ದಡ ಮುಂಬಯಿ ಪ್ರಾಂತ, ಆ ದಡ ಮದ್ರಾಸು ಪ್ರಾಂತ. ಈಗ ಎತ್ತ ತೇಲಿದರೂ ನಮ್ಮದೇ ರಾಜ್ಯ! ದೋಣಿಗೆ ಹಗ್ಗ ಕಟ್ಟಿ ಹಿಡಿದುಕೊಳ್ಳುತ್ತೇನೆ ಎಂದು ಹನಮಂತ ಬೇಡಿಕೊಂಡ. ಒಪ್ಪಲಿಲ್ಲ. ಅಕ್ಕನನ್ನು ಹರಗೋಲಿನಲ್ಲಿ ಕೂರಿಸಿಕೊಂಡು ಹಿಂದೆಯೇ ಬಂದ.

ಮಡುವಿನ ಅಂಚಿಗೆ ಬಂದಾಗ ಕೋಲು ಒಮ್ಮೆಲೇ ಬಾಗಿತು. ಹುಟ್ಟನ್ನು ಮಡಿಲಿಗೆ ಎಳೆದುಕೊಂಡು ಗಳವನ್ನು ಕಂಕುಳಿಗೆ ಸಿಕ್ಕಿಸಿದೆ. ಮೀನು ನನ್ನನ್ನೂ ದೋಣಿಯನ್ನೂ ಸೇರಿಸಿ ಎಳೆಯತೊಡಗಿತು. ದೋಣಿ ವಾಲಿ, ನೀರು ಒಳಗೆ ಬಂತು. ಅಷ್ಟರಲ್ಲಿ ಹರಗೋಲು ಪಕ್ಕಕ್ಕೆ ಬಂತು, ಹನಮಂತನ ಕೈ ನನ್ನ ಗಳದ ಕಡೆಗೆ ಚಾಚಿತು.

"ತಮ್ಮಾ, ಕೈ ಹಚ್ಚಬ್ಯಾಡ," ಅಂದಳು ಗೌರವ್ವ. "ಅವರು ಕೇಳಿಲ್ಲ."

"ದೋಣಿ ಬೋರಲ ಆದರ, ಅಕ್ಕಾ?"

"ಆದರ ಈಸ್ತಾರ."

ಮದುವೆಯಾದಾಗಿನಿಂದ ಅವಳು ನನ್ನ ಬಗ್ಗೆ ಆಡಿದ ಮಾತುಗಳಲ್ಲಿ ಇಷ್ಟು ಹಿತವಾದದ್ದು ಇನ್ನೊಂದಿಲ್ಲ.

ಮೀನು ಓಡಿದಾಗ ಬಿಟ್ಟೆ, ನಿಂತಾಗ ಸುತ್ತಿದೆ. ತುದಿ ಬಳುಕಿತು, ನಡು ಜಗ್ಗಲಿಲ್ಲ. ಕಂಕುಳಿನಿಂದ ಹಿಡಿಕೆ ಜಾರಲಿಲ್ಲ. ಕೊನೆಗೆ ಮೀನು ಸುಸ್ತಾಗಿ ದೋಣಿಯ ಪಕ್ಕ ಮಲಗಿತು. ಗಳವನ್ನು ತೊಡೆಯ ಕೆಳಗೆ ಒತ್ತಿ ದಡದವರೆಗೆ ಹುಟ್ಟು ಹಾಕಿ, ಮೀನನ್ನು ಉಸುಕಿನ ಮೇಲೆ ಎಳೆದುಕೊಂಡೆ. ನನ್ನ ಸೊಂಟದ ಎತ್ತರದ ಬಾಳೆಮೀನು! ಮನೆಯ ತನಕ ಹೆಗಲ ಮೇಲೆ ಹೊತ್ತು ನಡೆದೆ. ದಾರಿಯಲ್ಲಿ ಒಬ್ಬರೂ ಬಿಡ್ರಿ ಅನ್ನಲಿಲ್ಲ.

ಸಾರು ಉಣ್ಣುವಾಗ ಹನಮಂತ ಮೆಲ್ಲಗೆ, "ಮಾವಾರ, ನನಗೂ ಇಂಥಾದೊಂದು ಗಳ ಆರಿಸಿ ಕೊಡ್ರಿ," ಅಂದ. ನನ್ನ ಅಳತೆಯ ಕೋಲು ಅವನಿಗೆ ಯಾಕೆ? ಮೊದಲು ದೋಣಿಯಲ್ಲಿ ಕೂರು, ನಿನ್ನ ತೋಳು ನೋಡೋಣ ಅಂದೆ.

ಒಂದು ಗಳಕ್ಕಾಗಿ ಇಷ್ಟೆಲ್ಲ ಬೇಕೇ ಎನ್ನಬೇಡಿ. ನೀವು ದಿನವೂ ಹಿಡಿಯುವ ವಸ್ತುಗಳಲ್ಲಿ ನಿಮ್ಮ ಕೈಯನ್ನು ಕೇಳಿ ಆರಿಸಿಕೊಂಡದ್ದು ಯಾವುದು?